ಹದಿನೈದು ದಿನದೊಳಗಾಗಿ

ಶುಕ್ರವಾರ ಸಂಜೆ ಮಹಬೂಬ್ ಸಾಬರು ತರೀಕೆರೆ ತಾಲ್ಲೂಕು ಕಚೇರಿಯ ಎದುರಿನ ತಮ್ಮ ಮೇಜನ್ನು ಮಡಿಸಿಟ್ಟು ಮನೆಗೆ ಬಂದಾಗ ಅವರ ಕೈಯಲ್ಲಿ ಒಂದು ಹಾಳೆ ಇತ್ತು. ಒಳಗೆ ಮಗಳು ಅಲ್ಮಾಸ್ ಮರುದಿನದ ಮಾತುಗಳನ್ನು ಗೋಡೆಗೆ ಹೇಳುತ್ತಿದ್ದಳು. ಕಡೂರಿನಲ್ಲಿ ಕಾನೂನು ವಿದ್ಯಾರ್ಥಿಗಳ ಪ್ರಬಂಧ ಸ್ಪರ್ಧೆಯ ಕೊನೆಯ ಸುತ್ತು. ವಿಷಯ, ಭಾರತಕ್ಕೆ ದಯಾಮರಣ ಕಾಯ್ದೆ ಬೇಕೇ ಎಂಬುದು. ಬೇಕು ಎಂದು ಅವಳು ಇಪ್ಪತ್ತು ಪುಟ ಬರೆದಿದ್ದಳು, ಕೊನೆಯಲ್ಲಿ ತಾನೇ ಒಂದು ಮಸೂದೆಯ ಕರಡನ್ನೂ ಸೇರಿಸಿದ್ದಳು. ಈಗ ತೀರ್ಪುಗಾರರ ಮುಂದೆ ನಿಂತು ಅದನ್ನು ಸಮರ್ಥಿಸಿಕೊಳ್ಳಬೇಕಿತ್ತು.

ಮಹಬೂಬ್ ಸಾಬರು ಚಪ್ಪಲಿ ಬಿಡಲಿಲ್ಲ. ಬಾಗಿಲಲ್ಲೇ ನಿಂತು, “ಯೆ ಕೋನ್ ಲಿಖೇ?” ಎಂದರು. ಇದನ್ನು ಬರೆದವರು ಯಾರು.

ಅಲ್ಮಾಸ್ ನೋಡಿದಳು. ಎರಡು ವಾರದ ಹಿಂದೆ, ಅಬ್ಬಾ ಇಲ್ಲದ ಹೊತ್ತಿನಲ್ಲಿ, ಅವಳೇ ಬರೆದುಕೊಟ್ಟು ಫೈಲಿನಲ್ಲಿಟ್ಟಿದ್ದ ಅರ್ಜಿಯ ಪ್ರತಿ. ಅಬ್ಬಾ ಕೊನೆಯ ಸಾಲಿನ ಕೆಳಗೆ ಬೆರಳಿಟ್ಟು ಓದಿದರು: “‘ಹದಿನೈದು ದಿನದೊಳಗಾಗಿ ನನ್ನ ಮನವಿಯನ್ನು ಪುರಸ್ಕರಿಸದಿದ್ದಲ್ಲಿ ನನ್ನ ದಾರಿಯನ್ನು ನಾನೇ ನೋಡಿಕೊಳ್ಳುವೆನು. ಮುಂದಾಗುವ ಅನಾಹುತಕ್ಕೆ ಇಲಾಖೆಯೇ ಹೊಣೆ.’ ಇದನ್ನ ಯಾಕೆ ಹಾಕ್ದೆ?”

ಮನೆಯಲ್ಲಿ ಅವರಾಡುವುದು ದಖನಿ. ಕಚೇರಿಯ ವಿಷಯ ಬಂದರೆ ಮಾತ್ರ ಅಬ್ಬಾ ಕನ್ನಡಕ್ಕೆ ತಿರುಗುತ್ತಿದ್ದರು, ಆಗ ಅವರು ಅಬ್ಬಾ ಆಗಿರದೆ ಅರ್ಜಿ ಬರೆಯುವ ಮಹಬೂಬ್ ಸಾಬ್ ಆಗಿರುತ್ತಿದ್ದರು.

“ನೀವು ಹಾಕೋ ಸಾಲೇ ಅಲ್ವಾ ಅದು,” ಎಂದಳು.

“ನಾನು ಯಾರಿಗೆ ಹಾಕ್ತೀನಿ? ಖಾತೆ ಆಗ್ದೋರಿಗೆ, ತೋಟಕ್ಕೆ ಹೋಗೋ ದಾರಿ ಮುಚ್ಚಿಸ್ಕೊಂಡೋರಿಗೆ. ಅದು ಬದುಕೋರು ಬರ್ಸೋ ಸಾಲು ಕಣೇ. ಈಯಪ್ಪಂಗೆ ಬಾಯಿ ಕ್ಯಾನ್ಸರ್ ಅಂತ ಮೇಲೆ ನೀನೇ ಬರ್ದಿದೀಯ.”

ಅಲ್ಮಾಸ್ ಅಬ್ಬಾನ ಬೆರಳಿನ ಮೇಲಿದ್ದ ಸಾಲನ್ನು ಮತ್ತೊಮ್ಮೆ ಓದಿಕೊಂಡಳು.

ಆ ಭಾಗದಲ್ಲಿ ದಯಾಮರಣ ಎಂಬ ಮಾತಿಗೆ ಸಾವಿನೊಂದಿಗೆ ಹೆಚ್ಚಿನ ಸಂಬಂಧವಿರಲಿಲ್ಲ. ವರ್ಷಗಟ್ಟಲೆ ಓಡಾಡಿಯೂ ಖಾತೆಯಾಗದಿದ್ದಾಗ, ಸರ್ವೆಯವನು ಬಾರದಿದ್ದಾಗ, ಜನ ಜಿಲ್ಲಾಧಿಕಾರಿಗೂ ರಾಷ್ಟ್ರಪತಿಗೂ ಅರ್ಜಿ ಹಾಕುತ್ತಿದ್ದರು: ಕೆಲಸ ಮಾಡಿಕೊಡಿ, ಇಲ್ಲವೇ ಕುಟುಂಬಕ್ಕೆಲ್ಲ ದಯಾಮರಣ ಕೊಡಿ. ಮಹಬೂಬ್ ಸಾಬರು ಅಂಥವನ್ನು ಬರೆಯುವುದರಲ್ಲಿ ಪಳಗಿದವರು. ಗಡುವಿಲ್ಲದ ಅರ್ಜಿಯನ್ನು ಯಾವ ಗುಮಾಸ್ತನೂ ಓದುವುದಿಲ್ಲ ಎಂಬುದು ಅವರ ಸಿದ್ಧಾಂತ, ಆದ್ದರಿಂದ ಆ ಕೊನೆಯ ಸಾಲು. ಹಾಗೆ ಬರೆಸಿದವರಲ್ಲಿ ಒಬ್ಬರೂ ಸತ್ತಿರಲಿಲ್ಲ. ಲಿಂಗದಹಳ್ಳಿ ಕಡೆಯ ಈರಭದ್ರಪ್ಪನಂತೂ ಮೂರು ಸಲ ದಯಾಮರಣ ಕೇಳಿ, ತನ್ನ ಪಾಲನ್ನು ಬೇರೆ ಅಳೆಸಿ ಪೋಡಿ ಮಾಡಿಸಿಕೊಂಡು, ಅದೇ ಜಮೀನಿನಲ್ಲಿ ಬೋರು ಕೊರೆಸಿದ್ದ.

ತನ್ನ ಪ್ರಬಂಧದಲ್ಲಿ ಅಲ್ಮಾಸ್ ಇದನ್ನು ಅರ್ಧ ಪುಟ ಬರೆದಿದ್ದಳು. ನಗು ಬರುವಂತೆಯೇ ಬರೆದಿದ್ದಳು. ಕಾಯ್ದೆ ಇಲ್ಲದ ದೇಶದಲ್ಲಿ ಈ ಮಾತು ಕಂದಾಯ ಇಲಾಖೆಯ ಬೆದರಿಕೆಯಾಗಿ ಉಳಿದಿದೆ, ಇದನ್ನು ಬಳಸುವ ಯಾರಿಗೂ ಸಾಯುವ ಇಚ್ಛೆಯಿಲ್ಲ ಎಂದು. ತೀರ್ಪುಗಾರರಿಗೆ ಹಿಡಿಸಿದ್ದು ಆ ಅರ್ಧ ಪುಟವೇ ಎಂದು ಸ್ಪರ್ಧೆ ನಡೆಸುವವರು ಫೋನಿನಲ್ಲಿ ಹೇಳಿದ್ದರು. ಸ್ಥಳೀಯ ಪತ್ರಿಕೆಯಲ್ಲಿ ಅವಳ ಭಾವಚಿತ್ರವೂ ಬಂದಿತ್ತು.

ಆ ಭಾವಚಿತ್ರವನ್ನು ಹಿಡಿದುಕೊಂಡೇ ಆ ಅರ್ಜಿದಾರರು ಬಂದದ್ದು.

ಅದು ತಿಂಗಳ ಕೊನೆಯ, ಐದನೇ ಶನಿವಾರ. ಅಬ್ಬಾ ನಮಾಜಿಗೆ ಹೋಗಿದ್ದರು, ಮೇಜಿನ ಹಿಂದೆ ಅವಳಿದ್ದಳು. ಹೆಗಲಿಗೆ ಕಂಬಳಿ, ಬಲಗೆನ್ನೆಗೆ ಒತ್ತಿಹಿಡಿದ ಟವಲ್ಲು. ಬಾಯಿ ಪೂರ್ತಿ ತೆರೆಯದ್ದರಿಂದ ಮಾತು ಹಲ್ಲಿನ ಸಂದಿಯಿಂದ ಬರುತ್ತಿತ್ತು. ಯಗಟಿಯಿಂದ ಬಂದಿದ್ದೇನೆ, ಹೆಸರು ಕರಿಸಿದ್ದಪ್ಪ, ತನಗೊಂದು ದಯಾಮರಣದ ಅರ್ಜಿ ಬೇಕು ಎಂದರು. ಅಲ್ಮಾಸ್ ಲ್ಯಾಪ್‌ಟಾಪಿನಲ್ಲಿ ಅಬ್ಬಾನ ನಮೂನೆಯನ್ನು ತೆರೆದು ಸರ್ವೆ ನಂಬರ್ ಕೇಳಿದಳು.

“ಎಂತಕ್ಕೆ?”

“ಯಾವ ಜಮೀನು? ಖಾತೆ ಆಗಿಲ್ವಾ, ಪೋಡಿ ಆಗಿಲ್ವಾ?”

“ಎಲ್ಲಾ ಆಗೈತೆ ಕಣವ್ವ. ನಂಗೆ ಸಾಯ್ಬೇಕು, ಅಷ್ಟೇ.”

ಅವಳು ಬೆರಳುಗಳನ್ನು ಕೀಲಿಮಣೆಯ ಮೇಲಿಂದ ತೆಗೆದಳು. ಅವರು ಹೇಳಿದರು. ಶಿವಮೊಗ್ಗದಲ್ಲಿ ಡಾಕ್ಟರು ಇನ್ನು ಕತ್ತರಿಸಲಿಕ್ಕೆ ಏನೂ ಉಳಿದಿಲ್ಲ ಎಂದಿದ್ದರಂತೆ. ಸರ್ಕಾರ ದಯಾಮರಣಕ್ಕೆ ಒಪ್ಪಿದೆ ಎಂದು ಟೀವಿಯಲ್ಲಿ ಬಂದದ್ದನ್ನು ತಮ್ಮನ ಮಗ ರವಿಕುಮಾರ ತೋರಿಸಿದ್ದನಂತೆ. ಹಾಗಾದರೆ ಅದಕ್ಕೆ ಅರ್ಜಿ ಇರಲೇಬೇಕಲ್ಲ.

ಅಲ್ಮಾಸ್ ವಿವರಿಸಿದಳು. ಅವಳಿಗೆ ಚೆನ್ನಾಗಿ ಗೊತ್ತಿದ್ದ ವಿಷಯ. ನ್ಯಾಯಾಲಯ ಒಪ್ಪಿರುವುದು ಬೇರೆ: ಚೇತರಿಸಿಕೊಳ್ಳುವ ಆಸೆಯಿಲ್ಲದ ರೋಗಿಯನ್ನು ಯಂತ್ರಗಳಿಂದ ಉಳಿಸಿಡದೆ ಬಿಡಬಹುದು, ಹಾಗೆ ಬಿಡಿ ಎಂದು ಆತ ಮುಂಚೆಯೇ ಬರೆದಿಡಬಹುದು. ಸೂಜಿ ಕೊಟ್ಟು ಸಾಯಿಸುವುದು ನಮ್ಮಲ್ಲಿ ಇಲ್ಲ. ಕರಿಸಿದ್ದಪ್ಪ ತಲೆ ಆಡಿಸುತ್ತ ಕೇಳಿಸಿಕೊಂಡರು.

“ಹಂಗಾರೆ ಮಿಷಿನ್ನಿಗೆ ಹಾಕ್ಸ್ಕಂಡು ಆಮೇಲೆ ತೆಗಿಸ್ಬೋದಾ?”

ಅವಳ ಇಪ್ಪತ್ತು ಪುಟಗಳಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಅವರು ತಮಾಷೆ ಮಾಡುತ್ತಿರಲಿಲ್ಲ. ಆದರೂ ಅವಳ ಒಳಗೆ ಒಂದು ಸಣ್ಣ ಹುಮ್ಮಸ್ಸು ಎದ್ದಿತ್ತು: ಕಡೂರಿನಲ್ಲಿ ಇದನ್ನು ಹೇಳಬಹುದು. ಉಳಿದ ಐವರೂ ವಿದೇಶದ ಪ್ರಕರಣಗಳನ್ನು ಹೇಳುತ್ತಾರೆ, ತನ್ನ ಹತ್ತಿರ ಯಗಟಿಯ ಒಬ್ಬ ಮನುಷ್ಯ ಇರುತ್ತಾನೆ. ಅರ್ಜಿಯಿಂದ ಏನೂ ಆಗುವುದಿಲ್ಲ ಎಂದು ಅವಳು ಹೇಳಿದಳು. ಆದರೆ ಆಗುವುದಿಲ್ಲ ಎನ್ನುವಾಗಲೇ ಬರೆಯಲು ಶುರು ಮಾಡಿದ್ದಳು. ಜಮೀನಿನ ಭಾಗ ಅಳಿಸಿ ಕಾಯಿಲೆಯ ಭಾಗ ಸೇರಿಸಿದಳು. ಕೊನೆಯ ಸಾಲಿನ ಹತ್ತಿರ ನಿಂತಳು. ಅದಿಲ್ಲದೆ ಅರ್ಜಿಗೆ ಬೆನ್ನೆಲುಬೇ ಇಲ್ಲದಂತೆ ಕಂಡಿತು. ಬಿಟ್ಟಳು.

ಬರೆದದ್ದನ್ನು ಓದಿ ಹೇಳದೆ ರುಜು ಹಾಕಿಸಬಾರದು, ಅದು ಅಬ್ಬಾನ ಇನ್ನೊಂದು ನಿಯಮ. ಅವಳು ಓದಿದಳು. ಕರಿಸಿದ್ದಪ್ಪ ನೆಲ ನೋಡುತ್ತ ಕೇಳುತ್ತಿದ್ದವರು ಕೊನೆಯ ಸಾಲಿಗೆ ತಲೆ ಎತ್ತಿ, ಅದನ್ನು ಇನ್ನೊಂದು ಸಲ ಓದು ಎಂದರು. ಅವಳು ಓದಿದಳು, ಮೊದಲ ಸಲಕ್ಕಿಂತ ಚೆನ್ನಾಗಿ. ಅವರು ರುಜು ಹಾಕಿ, ಕಡೂರಿನ ಕಚೇರಿಯಲ್ಲಿ ಇವತ್ತೇ ಕೊಡುತ್ತೇನೆಂದು ಹೋದರು.

ಅಬ್ಬಾ ಈಗ ಹಾಳೆಯನ್ನು ಮಂಚದ ಮೇಲಿಟ್ಟು, ತಾರೀಖು ನೋಡು ಎಂದರು. ಅಲ್ಮಾಸ್ ಆಗಲೇ ಲೆಕ್ಕ ಹಾಕುತ್ತಿದ್ದಳು. ಶನಿವಾರ ರುಜುವಾದದ್ದು. ಆ ದಿನವನ್ನು ಬಿಟ್ಟು ಎಣಿಸಿದರೆ ಹದಿನೈದನೆಯದು ಭಾನುವಾರ. ನಾಳಿದ್ದು. ನಾಳೆ ಸ್ಪರ್ಧೆ ಮುಗಿಸಿ ಅಲ್ಲಿಂದಲೇ ಯಗಟಿಗೆ ಹೋಗುತ್ತೇನೆ ಎಂದಳು. ಈಗಲೇ ಹೋಗೋಣ ಎಂದರು ಅಬ್ಬಾ. ಅರ್ಜಿಯಲ್ಲಿ ರವಿಕುಮಾರನ ನಂಬರಿತ್ತು, ಫೋನು ಮಾಡಿದರು. ದೊಡ್ಡಪ್ಪ ಚೆನ್ನಾಗಿದಾನೆ, ಕುರಿ ಹೊಡ್ಕಂಡು ಬಂದು ಈಗ ಅಂಬ್ಲಿ ಕುಡೀತವ್ನೆ ಎಂದ. ಎಂದಿಗಿಂತ ಗೆಲುವಾಗೇ ಇದಾನೆ ಎಂದೂ ಹೇಳಿದ. ಅಬ್ಬಾ ಸ್ವಲ್ಪ ಹಗುರಾದರು. ಅಲ್ಮಾಸ್ ಆಗಲಿಲ್ಲ. ಗೆಲುವಾಗಿದ್ದಾರೆ ಎಂಬ ಮಾತು ಅವಳಿಗೆ ಇಷ್ಟವಾಗಲಿಲ್ಲ.

ಕಡೂರಿನ ಸಭಾಂಗಣದಲ್ಲಿ ಫ್ಯಾನುಗಳು ಸದ್ದು ಮಾಡುತ್ತಿದ್ದವು. ಸ್ಪರ್ಧೆ ನಡೆಸುತ್ತಿದ್ದುದು ಅಜ್ಜಂಪುರದ ಒಂದು ವರ್ತಕರ ಮನೆತನ. ಮನೆಯ ಹಿರಿಯ, ವಕೀಲರಾಗಿದ್ದ ಮಲ್ಲಿಕಾರ್ಜುನಯ್ಯನವರ ನೆನಪಿಗೆ. ಅವರ ದೊಡ್ಡ ಭಾವಚಿತ್ರಕ್ಕೆ ಹಾರ ಹಾಕಿ ವೇದಿಕೆಯ ಮೇಲಿಟ್ಟಿದ್ದರು. ಅದರ ಪಕ್ಕದಲ್ಲಿ ನಿಂತು ಸಾವಿನ ಬಗ್ಗೆ ಮಾತನಾಡಬೇಕಿತ್ತು. ಅಲ್ಮಾಸಳ ಪಕ್ಕದ ಕುರ್ಚಿಯಲ್ಲಿ ಅವಳ ಸಹಪಾಠಿ ಸ್ಫೂರ್ತಿ ಇದ್ದಳು, ಅಜ್ಜಂಪುರದವಳೇ, ಕಾಯ್ದೆ ಬೇಡ ಎಂದು ಬರೆದವಳು. “ಏನೇ, ನೀನೇ ಸಾಯೋಳ ಥರ ಕೂತಿದೀಯಲ್ಲ,” ಎಂದು ಕಿವಿಯಲ್ಲಿ ಹೇಳಿದಳು. ಅಲ್ಮಾಸ್ ನಗಲು ಪ್ರಯತ್ನಿಸಿದಳು.

ಕರಿಸಿದ್ದಪ್ಪನ ವಿಷಯ ಹೇಳಬಾರದು ಎಂದು ಬಸ್ಸಿನಲ್ಲಿ ಬರುವಾಗಲೇ ನಿಶ್ಚಯಿಸಿದ್ದಳು. ವೇದಿಕೆ ಹತ್ತಿದ ಮೇಲೆ ಎಲ್ಲವೂ ಬಾಯಿಪಾಠದಂತೆ ಸಾಗಿತು. ಘನತೆ, ಸ್ವಾಯತ್ತತೆ, ದುರುಪಯೋಗ ತಡೆಯುವ ಕ್ರಮಗಳು. ತನ್ನ ದನಿಯನ್ನು ಯಾರದೋ ದನಿಯಂತೆ ಅವಳು ಕೇಳುತ್ತಿದ್ದಳು. ಆಮೇಲೆ ಪ್ರಶ್ನೆಗಳು. ತೀರ್ಪುಗಾರರಲ್ಲಿ ಹಿರಿಯರಾದ ವಕೀಲ ಓಂಕಾರೇಶ್ ಕನ್ನಡಕ ಏರಿಸಿ ಅವಳ ಮಸೂದೆಯ ಪುಟ ತೆಗೆದರು.

“ಆರನೇ ಕಲಮು. ಕೋರಿಕೆ ಸಲ್ಲಿಸಿದ ಮೇಲೆ ರೋಗಿ ಹದಿನೈದು ದಿನ ಕಾಯತಕ್ಕದ್ದು ಅಂತ ಇಟ್ಟಿದೀರಿ. ಮನಸ್ಸು ಬದಲಾಯಿಸೋಕೆ ಅವಕಾಶ. ಸರಿ. ಯಾವಾಗಿಂದ ಲೆಕ್ಕ?”

“ಕೋರಿಕೆಯ ದಿನವನ್ನ ಬಿಟ್ಟು ಸರ್. ಜನರಲ್ ಕ್ಲಾಸಸ್ ಆಕ್ಟ್ ಪ್ರಕಾರ ಮೊದಲ ದಿನ ಲೆಕ್ಕಕ್ಕೆ ಬರಲ್ಲ.”

“ಅದು ನಿಮಗೆ ಗೊತ್ತು, ನನಗೆ ಗೊತ್ತು. ಹಾಸಿಗೆ ಮೇಲಿರೋನಿಗೆ ಗೊತ್ತೇನಮ್ಮ?”

ಸಭೆಯಲ್ಲಿ ಸಣ್ಣ ನಗು ಹರಿಯಿತು. ಅಲ್ಮಾಸ್ ಮನಸ್ಸಿನಲ್ಲೇ ಎಣಿಸತೊಡಗಿದಳು. ಅಬ್ಬಾನ ತಾಯಿ, ದಾದಿ ಹಜೀರಾಬಿ ತೀರಿಕೊಂಡದ್ದು ಸೋಮವಾರ. ಮೂರನೇ ದಿನದ ಜಿಯಾರತ್ ಮಾಡಿದ್ದು ಬುಧವಾರ. ಸೋಮವಾರ ಒಂದು, ಮಂಗಳವಾರ ಎರಡು, ಬುಧವಾರ ಮೂರು. ಎದುರು ಮನೆಯ ತೀರ್ಥಮ್ಮನವರ ಹನ್ನೊಂದನೇ ದಿನವನ್ನೂ ಸತ್ತ ದಿನದಿಂದಲೇ ಎಣಿಸಿದ್ದರು. ಈ ಸುತ್ತಮುತ್ತಲ ತಾಲ್ಲೂಕುಗಳಲ್ಲಿ, ಯಾರ ಮನೆಯಲ್ಲೂ, ಮೊದಲ ದಿನವನ್ನು ಬಿಟ್ಟು ಯಾರೂ ಎಣಿಸುವುದಿಲ್ಲ. ಬಾಣಂತಿಯ ದಿನವನ್ನಾಗಲಿ, ಸೂತಕವನ್ನಾಗಲಿ, ಕಾಯಿಲೆಯನ್ನಾಗಲಿ. ಅರ್ಜಿಗೆ ರುಜು ಬಿದ್ದ ಶನಿವಾರ ಒಂದು. ಮತ್ತೊಂದು ಶನಿವಾರ ಎಂಟು.

ಹದಿನೈದು, ಇವತ್ತು.

“ಅವರಿಗೆ ಗೊತ್ತಿಲ್ಲ ಸರ್,” ಎಂದಳು.

“ಹಂಗಾದ್ರೆ ಕಲಮು ತಿದ್ದಬೇಕಲ್ವಾ?”

“ಹೌದು. ನಾನು ಹೋಗ್ಬೇಕು ಸರ್.”

ಓಂಕಾರೇಶ್ ಅರ್ಥವಾಗದೆ ನೋಡಿದರು. ಅವಳು ವೇದಿಕೆ ಇಳಿದು, ಚೀಲವನ್ನು ಸ್ಫೂರ್ತಿಯ ಮಡಿಲಿನಿಂದ ಎಳೆದುಕೊಂಡು, ಎರಡು ಸಾಲು ಕುರ್ಚಿಗಳ ನಡುವೆ ನಡೆದು ಹೊರಗೆ ಬಂದಳು. ಹಿಂದೆ ಯಾರೋ ಪಾಪ ಎಂದದ್ದು ಕೇಳಿಸಿತು. ಪ್ರಶ್ನೆಗೆ ಹೆದರಿ ಓಡಿದಳು ಎಂದುಕೊಂಡಿರಬೇಕು.

ರವಿಕುಮಾರ ಐದನೆಯ ಸಲಕ್ಕೆ ಫೋನು ತೆಗೆದ. ಹಿಂದೆ ಕುರಿಗಳ ಗದ್ದಲ. ತಾನು ಸಂತೆಯಲ್ಲಿದ್ದೇನೆ ಎಂದ. ದೊಡ್ಡಪ್ಪ ಬೆಳಿಗ್ಗೆ ಎದ್ದವನೇ ಎಲ್ಲಾ ಕುರಿ ಮಾರ್ಬಿಡು, ಒಂದೂ ವಾಪಸ್ ತರಬೇಡ ಅಂದನಂತೆ. ಧನ್ಯಶ್ರೀಯನ್ನೂ, ಅಂದರೆ ರವಿಕುಮಾರನ ಹೆಂಡತಿಯನ್ನೂ, ತವರಿಗೆ ಹೋಗಿ ಬಾ ಎಂದು ತಾನೇ ಬಸ್ಸು ಹತ್ತಿಸಿದನಂತೆ. ಮನೆಯಲ್ಲಿ ಯಾರಿದ್ದಾರೆ ಎಂದು ಅಲ್ಮಾಸ್ ಕೇಳಿದಳು. ದೊಡ್ಡಪ್ಪ ಒಬ್ಬನೇ ಎಂದ ರವಿಕುಮಾರ. ಅಂದ ಮೇಲೆ ಆ ಮಾತು ಅವನಿಗೂ ಕೇಳಿಸಿತೆಂದು ತೋರುತ್ತದೆ. ಆಮೇಲೆ ಯಾಕಕ್ಕ, ಏನಾಯ್ತು ಎಂದ. ಈಗಲೇ ಊರಿಗೆ ಹೊರಡು ಎಂದಳು ಅವಳು. ಪಕ್ಕದ ಮನೆಯವರಿಗೆ ಫೋನು ಮಾಡಿ ಜಗಲಿಯಲ್ಲಿ ಕೂತಿರಲು ಹೇಳು ಎಂದೂ ಹೇಳಿದಳು.

ಬಸ್‌ಸ್ಟ್ಯಾಂಡಿಗೆ ಓಡುವ ದಾರಿಯಲ್ಲಿ ತಾಲ್ಲೂಕು ಕಚೇರಿ. ಅರ್ಜಿಯ ಮೇಲೆ ಯಾರಾದರೂ ಏನಾದರೂ ಬರೆದಿರಬಹುದೇ, ತಿರಸ್ಕರಿಸಲಾಗಿದೆ ಎಂಬ ಒಂದು ಕಾಗದವಾದರೂ ಇರಬಹುದೇ ಎಂದು ಗೇಟಿಗೆ ಬಂದಳು. ಬೀಗ ಹಾಕಿತ್ತು. ಗೇಟಿನ ಒಳಗೆ ಒಂದು ನಾಯಿ ಮಲಗಿತ್ತು. ಎರಡನೇ ಶನಿವಾರ. ಸರ್ಕಾರಿ ರಜೆ. ಅವಳು ಬೀಗವನ್ನು ಹಿಡಿದು ನಿಂತಳು, ಆಮೇಲೆ ಬಿಟ್ಟು ಮತ್ತೆ ಓಡಿದಳು.

ಯಗಟಿಯ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತಿತು. ಒಬ್ಬಳು ಎರಡು ತೆಂಗಿನ ಸಸಿ ಹತ್ತಿಸಿದಳು, ಕಂಡಕ್ಟರು ಅವಕ್ಕೂ ಟಿಕೆಟ್ ಎಂದ, ಅವಳು ಮಡಿಲಲ್ಲಿ ಕೂರಿಸಿಕೊಳ್ಳುತ್ತೇನೆ, ಮಕ್ಕಳಿಗೆ ಟಿಕೆಟ್ಟುಂಟೇ ಎಂದಳು. ಬಸ್ಸೆಲ್ಲ ನಕ್ಕಿತು. ಅಲ್ಮಾಸ್ ಆ ಹೆಂಗಸನ್ನು ದ್ವೇಷಿಸಿದಳು. ಅಬ್ಬಾನಿಗೆ ಫೋನು ಮಾಡಿ ಹೇಳಿದಳು. ಅವರು ಏನೂ ಬೈಯಲಿಲ್ಲ, ತಾನೂ ಹೊರಟೆ ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಇಳಿದ ಮೇಲೆ ಏನು ಹೇಳಬೇಕು? ನೀವು ಸಾಯಬೇಡಿ ಎನ್ನಬೇಕೇ? ತನ್ನ ಪ್ರಬಂಧದ ಮೊದಲ ಪುಟದಲ್ಲೇ, ಸಾಯಬೇಡ ಎಂದು ಆರೋಗ್ಯವಂತರು ಹೇಳುವುದು ಸುಲಭ ಎಂದು ಬರೆದಿದ್ದಳು. ಒಳ್ಳೆಯ ವಾಕ್ಯ. ಕಡೂರಿನಲ್ಲಿ ಅದಕ್ಕೆ ಚಪ್ಪಾಳೆಯೂ ಬಿದ್ದಿತ್ತು. ರಾಗಿಯ ಹೊಲಗಳು ಕಿಟಕಿಯಲ್ಲಿ ಹಿಂದಕ್ಕೆ ಹೋಗುತ್ತಿದ್ದವು, ಅವಳು ಫೋನನ್ನು ನೋಡುವುದು, ಅದು ರಿಂಗಾಗದಿರಲಿ ಎಂದುಕೊಳ್ಳುವುದು, ರಿಂಗಾಗಲಿಲ್ಲವಲ್ಲ ಎಂದು ಹೆದರುವುದು, ಹೀಗೆ ಮಾಡುತ್ತಿದ್ದಳು.

ಯಗಟಿಯಲ್ಲಿ ಮನೆ ತೋರಿಸಲು ಬಂದ ಹುಡುಗಿ ಅರ್ಧ ದಾರಿಗೇ ನಿಂತಳು. ಅಲ್ಮಾಸ್ ತಿರುವು ದಾಟಿದಳು.

ಕರಿಸಿದ್ದಪ್ಪ ಜಗಲಿಯ ಮೇಲೆ ಕೂತಿದ್ದರು. ಸ್ನಾನ ಮಾಡಿ ಒಗೆದ ಪಂಚೆ ಉಟ್ಟಿದ್ದರು, ಕೆನ್ನೆಗೆ ಹೊಸ ಟವಲ್ಲು. ಪಕ್ಕದ ಮನೆಯ ಮುದುಕಿಯೊಬ್ಬಳು ದೂರದ ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತಿದ್ದಳು, ತನ್ನನ್ನು ಯಾಕೆ ಇಲ್ಲಿ ಕೂರಿಸಿದ್ದಾರೆ ಎಂದು ಅವಳಿಗೆ ತಿಳಿದಂತಿರಲಿಲ್ಲ. ಅಲ್ಮಾಸ್ ಜಗಲಿಯ ಮುಂದೆ ಹೋಗಿ ನಿಂತಳು.

“ತಂದ್ಯಾ ಕಾಗ್ದ?” ಎಂದರು ಅವರು.

“ಯಾವ ಕಾಗ್ದ?”

“ಸರ್ಕಾರದ್ದು. ಇವತ್ತಿಗೆ ಹದಿನೈದಲ್ವಾ.” ಅವಳ ಬರಿಗೈಯನ್ನು ನೋಡಿದರು. “ಇಲ್ವಾ? ಇರ್ಲಿ ಬಿಡು, ಇನ್ನೂ ಹೊತ್ತೈತೆ. ಕಚೇರಿ ಮುಚ್ಚಾಗಂಟ ಅವ್ರ ಟೈಮು. ಆಮೇಲೆ ನಂದು.”

ಎಷ್ಟು ನ್ಯಾಯವಾಗಿ ಹೇಳಿದರೆಂದರೆ, ಅವಳಿಗೆ ವಾದಿಸಲು ಏನೂ ಸಿಗಲಿಲ್ಲ. ಸಿಕ್ಕಿದ್ದು ಒಂದೇ, ಮುಚ್ಚಿದ ಗೇಟು.

“ಕಚೇರಿ ಇವತ್ತು ತೆಗ್ದೇ ಇಲ್ಲ,” ಎಂದಳು. “ಎರಡನೇ ಶನಿವಾರ. ಕೊನೇ ದಿನ ರಜೆ ಬಿದ್ರೆ ಅದು ಲೆಕ್ಕಕ್ಕಿಲ್ಲ. ಮುಂದಿನ ಕೆಲಸದ ದಿನಕ್ಕೆ ಹೋಗತ್ತೆ. ಕಾನೂನು ಇರೋದೇ ಹಂಗೆ.”

“ನಾಳೆಗಾ?”

“ನಾಳೆ ಭಾನುವಾರ.”

“ಓ.” ಅವರು ಲೆಕ್ಕ ಹಾಕಿದರು. ಆಮೇಲೆ ಅವರ ಭುಜಗಳು ಅಲುಗಿದವು. ನಗುತ್ತಿದ್ದಾರೆ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು, ಯಾಕೆಂದರೆ ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು. ದಾಯಾದಿಯ ಮೇಲೆ ಬದುವಿನ ಕೇಸು ಹಾಕಿ ಅರ್ಧ ಆಯಸ್ಸು ಕಡೂರಿನ ಕೋರ್ಟಿಗೆ ಅಲೆದವರು ಅವರು. “ಎಷ್ಟ್ ಓದಿದ್ರೂ ಅಷ್ಟೇಯ. ವಕೀಲ್ರು ಕೊಡಾದು ವಾಯ್ದೆ ಒಂದೇ ಕಣವ್ವ, ಇನ್ನೊಂದ್ ತಾರೀಖು. ಸೋಮವಾರಾನಾ ಹಂಗಾರೆ?”

“ಸೋಮವಾರ.”

“ಆಯ್ತು. ಕಾನೂನು ಅಂದ್ರೆ ಕಾನೂನು.”

ಎರಡು ದಿನ ಸಿಕ್ಕಿತ್ತು. ಒಂದು ಕ್ಷಣ ಅವಳಿಗೆ ಗೆದ್ದಂತಾಯಿತು, ಮರುಕ್ಷಣವೇ ಅದು ಹೋಯಿತು. ಎರಡು ದಿನ ಬದುಕನ್ನು ಕೊಟ್ಟೆನೋ, ನೋವನ್ನು ಕೊಟ್ಟೆನೋ. ಅವಳು ಜಗಲಿಯ ಅಂಚಿನಲ್ಲಿ ಕೂತಳು. ಇನ್ನು ನಿಜ ಹೇಳದೆ ಇರುವಂತಿರಲಿಲ್ಲ.

“ಆ ಕೊನೇ ಸಾಲು ನಿಮ್ದಲ್ಲ,” ಎಂದಳು. “ನಂದು. ನಮ್ಮ ಅಬ್ಬಾ ಖಾತೆ ಅರ್ಜಿಗೆ ಹಾಕೋದು. ಅದಿಲ್ದಿದ್ರೆ ಯಾರೂ ಓದಲ್ಲ ಅಂತ ಹಂಗೇ ಬಿಟ್ಟೆ. ನೀವದನ್ನ ಹೇಳಿರ್ಲಿಲ್ಲ. ಅದನ್ನ ಹೊಡೆದು ಹಾಕೋಣ.”

ಕರಿಸಿದ್ದಪ್ಪ ಟವಲ್ಲನ್ನು ಮಡಿಸಿ ಮತ್ತೆ ಕೆನ್ನೆಗೆ ಒತ್ತಿಕೊಂಡರು. ಮುದುಕಿ ಸುಲಿದ ಕಾಳು ಬುಟ್ಟಿಗೆ ಬೀಳುವ ಸದ್ದು ಕೇಳುತ್ತಿತ್ತು.

“ಮೇಲೆ ಏನೇನೋ ಬರ್ದಿದ್ದೆ ನೀನು. ಸದರಿ ಅರ್ಜಿದಾರ, ಮಾನ್ಯರೇ, ಅದು ಇದು. ಅದ್ಯಾವ್ದೂ ನಂಗೆ ಹತ್ಲಿಲ್ಲ. ಆ ಒಂದು ಸಾಲು ಓದ್ದಾಗ, ಈ ಹುಡ್ಗಿಗೆ ನನ್ ಮನ್ಸಾಗಿರದು ಹೆಂಗ್ ತಿಳೀತು ಅನ್ಕಂಡೆ. ಹೊಡ್ದಾಕದಾದ್ರೆ ಮೇಲಿಂದು ಹೊಡ್ದಾಕು. ಅದು ನಂದು.”

ಅವಳ ಚೀಲದಲ್ಲಿ ಪ್ರಬಂಧದ ಪ್ರತಿ ಇತ್ತು. ಅದರಲ್ಲಿ ಒಂದು ವಾಕ್ಯ: ಇದನ್ನು ಬಳಸುವ ಯಾರಿಗೂ ಸಾಯುವ ಇಚ್ಛೆಯಿಲ್ಲ. ಅವಳು ಚೀಲವನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು.

ನೋವು ಯಾವಾಗ ಹೆಚ್ಚು ಎಂದು ಕೇಳಿದಳು. ಎರಡು ವಾರದ ಹಿಂದೆ ಅದನ್ನು ಕೇಳಿರಲಿಲ್ಲ. ಅರ್ಜಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಮಲಗಿದಾಗ ಎಂದರು. ಕಿವಿಯ ಒಳಗೆ ಯಾರೋ ಗುದ್ದಲಿ ಹಾಕಿದಂತೆ. ಶಿವಮೊಗ್ಗದಲ್ಲಿ ಕೊಟ್ಟ ಮಾತ್ರೆಯಲ್ಲಿ ಹತ್ತು ದಿನ ನಿದ್ದೆ ಬಂದಿತ್ತು, ಮುಗಿದ ಮೇಲೆ ಮತ್ತೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದರೆ, ಏನೂ ಮಾಡುವ ಹಾಗಿಲ್ಲ ಎಂದವರ ಹತ್ತಿರ ಏನು ಕೇಳುವುದು. ಅಲ್ಮಾಸ್ ಹೇಳಿದಳು: ಗುಣ ಮಾಡುವುದು ಬೇರೆ, ನೋವು ಇಳಿಸುವುದು ಬೇರೆ, ಅದಕ್ಕೇ ಬೇರೆ ಡಾಕ್ಟರು, ಬೇರೆ ಮದ್ದು ಇದೆ, ಸೋಮವಾರ ಬೆಳಿಗ್ಗೆ ಕರೆದುಕೊಂಡು ಹೋಗುತ್ತೇನೆ. ಪ್ರಬಂಧದಲ್ಲಿ ಇದು ಒಂದು ಅಡಿಟಿಪ್ಪಣಿಯಾಗಿತ್ತು.

“ಹೋದ್ರೆ ನೋವಿಗೆ ಕೊಡ್ತಾರೆ,” ಎಂದರು ಕರಿಸಿದ್ದಪ್ಪ. “ಸಾಯಾಕೆ?”

“ಕೊಡಲ್ಲ.”

“ನೋವಿಲ್ದಿದ್ರೆ ಸಾಯಾದ್ಯಾಕೆ ಅಂತೀಯಾ?”

“ನಂಗೊತ್ತಿಲ್ಲ,” ಎಂದಳು ಅಲ್ಮಾಸ್. ಈ ವಿಷಯದ ಬಗ್ಗೆ ಅವಳು ಆ ಮಾತನ್ನು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೂ ಎದೆ ಹಗುರಾಗಲಿಲ್ಲ.

ಅವರು ತಲೆ ಆಡಿಸಿದರು, ಆ ಉತ್ತರದಲ್ಲಿ ತಪ್ಪೇನೂ ಇಲ್ಲ ಎಂಬಂತೆ. ಹೋಗೋಣವೆಂದಾಗಲಿ ಬೇಡವೆಂದಾಗಲಿ ಹೇಳಲಿಲ್ಲ. ಸೋಮವಾರ ನೋಡಾನ ಎಂದರು. ಹೊತ್ತು ಇಳಿಯುತ್ತಿತ್ತು. ಕಡೂರಿಗೆ ಕೊನೆಯ ಬಸ್ಸು ಇನ್ನೇನು ಬರುತ್ತದೆ, ನಡಿ ಎಂದರು.

“ನಾನು ಹೋಗಲ್ಲ. ಅಬ್ಬಾನೂ ಬರ್ತಿದಾರೆ. ಇಲ್ಲೇ ಇರ್ತೀವಿ.”

“ಸೋಮವಾರ ಅಂದ್ಮೇಲೆ ಸೋಮವಾರ ಕಣವ್ವ. ನನ್ ಮಾತಲ್ಲಿ ನಂಬ್ಕೆ ಇಲ್ವಾ?”

“ಇಲ್ಲ,” ಎಂದಳು.

ಅವರು ಅವಳನ್ನು ಮೊದಲ ಬಾರಿಗೆ ನೆಟ್ಟ ದೃಷ್ಟಿಯಿಂದ ನೋಡಿದರು. ಬೈಯುತ್ತಾರೆ ಎಂದುಕೊಂಡಳು. ಆಗ ಬೀದಿಯ ತುದಿಯಲ್ಲಿ ಧೂಳೆದ್ದು, ಕುರಿಗಳ ಸದ್ದು ಕೇಳಿಸಿತು. ಬಾಡಿಗೆ ಗಾಡಿಯಿಂದ ಇಳಿಸಿದ ಹಿಂಡನ್ನು ಹೊಡೆದುಕೊಂಡು ರವಿಕುಮಾರ ಓಡೋಡಿ ಬರುತ್ತಿದ್ದ. ಜಗಲಿಯ ಮೇಲೆ ದೊಡ್ಡಪ್ಪ ಕೂತಿರುವುದನ್ನು ಕಂಡು ಅಲ್ಲೇ ನಿಂತು ಮೊಣಕಾಲಿನ ಮೇಲೆ ಕೈಯೂರಿ ಉಸಿರು ತೆಗೆದುಕೊಂಡ. ಕುರಿಗಳು ಅವನನ್ನು ಬಿಟ್ಟು ತಾವೇ ಮನೆಯತ್ತ ಬಂದವು.

“ಲೇ, ಒಂದೂ ವಾಪಸ್ ತರ್ಬೇಡ ಅಂದಿರ್ಲಿಲ್ವಾ?” ಎಂದರು ಕರಿಸಿದ್ದಪ್ಪ.

“ಶನಿವಾರ ಯಾವನ್ ತಗಂತಾನೆ ದೊಡ್ಡಪ್ಪ,” ಎಂದ ರವಿಕುಮಾರ. ಅವನು ನೋಡುತ್ತಿದ್ದುದು ಅಲ್ಮಾಸಳನ್ನು.

ಮುದುಕರು ಜಗಲಿಯಿಂದ ಇಳಿದರು. ಕಂಬಕ್ಕೆ ಕೈಕೊಟ್ಟು, ನಿಧಾನವಾಗಿ. ಹಿಂಡಿನ ನಡುವೆ ಹೋಗಿ ಕುಂಟುತ್ತಿದ್ದ ಒಂದು ಮರಿಯ ಕಾಲು ಹಿಡಿದು ಎತ್ತಿ, ಗೊರಸಿನ ಸಂದಿ ನೋಡತೊಡಗಿದರು. ಊರಿನ ಆಚೆ ಬಸ್ಸು ಹಾರ್ನು ಹೊಡೆದು ನಿಂತು, ಯಾರಿಗೋ ಕಾದು, ಮತ್ತೆ ಹೊರಟ ಸದ್ದು ಕೇಳಿಸಿತು. ಅಲ್ಮಾಸ್ ಏಳಲಿಲ್ಲ. ಅವರ ಬೆರಳು ಮುಳ್ಳನ್ನು ಹುಡುಕುತ್ತಿತ್ತು, ಅವಳು ಆ ಬೆರಳನ್ನೇ ಕಾಯುತ್ತ ಕೂತಳು.